ಮಾಘಕ್ಕೆ ಎಪ್ಪತ್ತೊಂಬತ್ತು

ನನ್ನ ಕೆಲಸ ಏನೆಂಬುದು ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ಯಾರಿಗೂ ಕೊನೆಯವರೆಗೆ ತಿಳಿಯಲಿಲ್ಲ. ಒಂದನೇ ಮಹಡಿಯವರು ನನ್ನನ್ನು ಟೀಚರ್ ಎಂದುಕೊಂಡಿದ್ದರು. ಸೆಕ್ರೆಟರಿಯ ಪಾಲಿಗೆ ನಾನು ‘ಬ್ಯಾಂಕ್‌ವಾಲಿ’. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದರು: “ಅವಳು ಕಂಪ್ಯೂಟರಿನಲ್ಲಿ ಬೇರೆಯವರ ಹೆಸರು ಬರೀತಾಳೆ.” ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಕೂತು ಯೋಚಿಸಿದರೆ, ಅದಕ್ಕಿಂತ ಕರೆಕ್ಟ್ ಆದ ಡೆಫಿನಿಷನ್ ನನಗೂ ಹೊಳೆಯುವುದಿಲ್ಲ.

ಐರೋಲಿಯ ನಮ್ಮ ಹಳೇ ಆಫೀಸಿಗೆ ಹೊಸದಾಗಿ ಸೇರಿದ ಸಿಂಚನಾ ಎಂಬ ಮೈಸೂರಿನ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಅವಳು ಕೇಳಿದ್ದು ಬೇರೆ ಒಂದು ವಿಷಯ, ಅದನ್ನು ಕೊನೆಗೆ ಹೇಳುತ್ತೇನೆ. ಫೋನ್ ಇಡುವ ಮೊದಲು, “ಮೇಡಮ್, ನೀವೆಲ್ಲ ಹೇಗ್ ಮಾಡ್ತಿದ್ರಿ ಅಂತ ಬರೆದುಕೊಡಿ ಪ್ಲೀಸ್, ನಮ್ ಬ್ಯಾಚ್‌ಗೆ ಯಾರೂ ಹೇಳಿಕೊಡೋರಿಲ್ಲ” ಎಂದಳು. ನಾಲ್ಕು ವರ್ಷದಿಂದ ಮನೆಯಲ್ಲಿ ಕೂತಿರುವ ಹೆಂಗಸಿಗೆ ಇಷ್ಟು ಹೇಳಿದರೆ ಸಾಕು ನೋಡಿ. ಬರೆಯಲು ಕೂತಿದ್ದೇನೆ.

ಕೆಲಸ ಇಷ್ಟೇ. ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರು ನೂರಾರು ಲೇಖನ ಓದುತ್ತಾರೆ. ಥೀಸಿಸ್ಸಿನ ಕೊನೆಯಲ್ಲಿ ಅವುಗಳ ಪಟ್ಟಿ ಕೊಡಬೇಕು: ಬರೆದವರು ಯಾರು, ಶೀರ್ಷಿಕೆ ಏನು, ಯಾವ ಪತ್ರಿಕೆ, ಯಾವ ವರ್ಷ, ಯಾವ ಪುಟ. ಇದನ್ನೆಲ್ಲ ಇಟ್ಟುಕೊಳ್ಳಲು ಒಂದು ಸಾಫ್ಟ್‌ವೇರ್ ಇರುತ್ತದೆ, ರೆಫರೆನ್ಸ್ ಮ್ಯಾನೇಜರ್ ಎನ್ನುತ್ತಾರೆ. ಲೇಖನ ಇರುವ ವೆಬ್ ಪುಟ ತೆರೆದು ಮೂಲೆಯ ಒಂದು ಗುಂಡಿ ಒತ್ತಿದರೆ ಸಾಕು, ಲೇಖಕರ ಹೆಸರು ಲೇಖಕರ ಖಾನೆಗೆ, ವರ್ಷ ವರ್ಷದ ಖಾನೆಗೆ ತಾನೇ ಹೋಗಿ ಕೂರುತ್ತದೆ. ಒತ್ತುವವರಿಗೆ ಅದು ಮ್ಯಾಜಿಕ್. ಆದರೆ ಒಂದೊಂದು ವೆಬ್‌ಸೈಟೂ ಒಂದೊಂದು ಥರ. ಒಬ್ಬರು ಹೆಸರನ್ನು ಮೇಲೆ ಬರೆದರೆ ಇನ್ನೊಬ್ಬರು ಕೆಳಗೆ. ಒಬ್ಬರು ವರ್ಷವನ್ನು ಕಂಸದಲ್ಲಿ ಹಾಕಿದರೆ ಇನ್ನೊಬ್ಬರು ಚಿತ್ರದೊಳಗೆ. ಹಾಗಾಗಿ ಪ್ರತಿ ಸೈಟಿಗೂ ಒಂದು ಸಣ್ಣ ಪ್ರೋಗ್ರಾಮ್ ಬೇಕು. ಅದೇ ಪ್ಲಗಿನ್. ಪುಟದಿಂದ ಬೇಕಾದದ್ದನ್ನು ಮಾತ್ರ ತೆಗೆಯುವುದಕ್ಕೆ ಸ್ಕ್ರೇಪಿಂಗ್ ಎನ್ನುತ್ತಾರೆ. ತೆಂಗಿನಕಾಯಿ ತುರಿಯುವ ಕೆಲಸವೇ. ಬಿಳಿಯದೆಲ್ಲ ಬರಬೇಕು, ಚಿಪ್ಪಿನ ಕರಿ ಬೀಳಬಾರದು. ಹನ್ನೆರಡು ವರ್ಷ ನಾನು ಮಾಡಿದ್ದು ಅದು.

ನಾನು ಕಂಪ್ಯೂಟರ್ ಕಲಿತವಳಲ್ಲ. ಠಾಣೆಯ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿದ್ದೆ, ಕ್ಯಾಟಲಾಗ್ ಕಾರ್ಡ್ ಬರೆದು ಬರೆದು ಬೆರಳಿನಲ್ಲಿ ಗಂಟು ಬಂದಿತ್ತು. ಅದಕ್ಕೂ ಹಿಂದೆ ಮಂಗಳೂರಿನ ಕಾನ್ವೆಂಟು. ಅಲ್ಲಿ ಸಿಸ್ಟರ್ ಫಿಲೋಮಿನಾ ಎಂಬವರು ನಮ್ಮ ನೋಟ್‌ಬುಕ್ಕಿನಲ್ಲಿ ಹೆಸರು ಎಡಗಡೆ, ಡೇಟ್ ಬಲಗಡೆ ಇರಬೇಕು ಎನ್ನುತ್ತಿದ್ದರು. ಅದಲು ಬದಲಾದರೆ ಇಡೀ ಪುಟ ಮತ್ತೆ ಬರೆಯಬೇಕು. ಆ ಶಿಸ್ತೇ ನನಗೆ ಐರೋಲಿಯಲ್ಲಿ ಅನ್ನ ಕೊಟ್ಟಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ರಘು ಸರ್, ಬೆಂಗಳೂರಿನವರು, ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ದಿನವೇ ಒಂದು ವೆಬ್ ಪುಟ ತೋರಿಸಿ, ಅದರ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಒಳಗಿನ ಕೋಡಿನ ಸರಂಜಾಮನ್ನೆಲ್ಲ ತೆರೆದಿಟ್ಟರು.

“ಮೇಡಮ್, ಪೇಜ್ ಓದೋದಲ್ಲ ನಮ್ ಕೆಲಸ. ಪೇಜ್ ಕೆಳಗಿರೋದನ್ನ ಓದೋದು. ಭಯ ಬೀಳ್ಬೇಡಿ.”

ಭಯ ಬಿದ್ದೆ. ಆದರೆ ಹೇಳಲಿಲ್ಲ. ಆ ಸರಂಜಾಮನ್ನು ಪ್ರಿಂಟ್ ತೆಗೆದುಕೊಂಡು ಟ್ರೇನಿನಲ್ಲಿ ಓದುತ್ತಿದ್ದೆ. ಡೊಂಬಿವಲಿಯಿಂದ ಠಾಣೆಯವರೆಗೆ ನಿಂತು, ಠಾಣೆಯಲ್ಲಿ ಗಾಡಿ ಬದಲಿಸಿದ ಮೇಲೆ ಕೂತು, ಪೆನ್ಸಿಲಿನಲ್ಲಿ ಕಂಸದಿಂದ ಕಂಸಕ್ಕೆ ಗೆರೆ ಎಳೆಯುತ್ತಿದ್ದೆ. ಲೇಡೀಸ್ ಡಬ್ಬದಲ್ಲಿ ನನ್ನ ಪಕ್ಕ ದಿನವೂ ಕೂರುವವಳೊಬ್ಬಳು ಒಂದು ವಾರ ನೋಡಿ, ತಡೆಯಲಾರದೆ ಕೇಳಿದಳು: “ಆಂಟಿ, ಕಿಸ್‌ಕಿ ಕುಂಡಲಿ ಹೈ? ಶಾದಿ ಜಮೇಗಿ ಕ್ಯಾ?” ನಾನು ಯಾರದೋ ಮದುವೆಗೆ ಜಾತಕ ಹೊಂದಿಸುತ್ತಿದ್ದೇನೆ ಎಂದುಕೊಂಡಿದ್ದಳು ಪಾಪ. “ಅಭೀ ತಕ್ ನಹೀ ಜಮ್ ರಹೀ”, ಇನ್ನೂ ಕೂಡಿಬರುತ್ತಿಲ್ಲ, ಎಂದೆ. ಆ ದಿನ ಸುಳ್ಳೂ ಹೇಳಿರಲಿಲ್ಲ.

ಹೊಸಬರಿಗೆ ನನ್ನ ಮೊದಲ ದೊಡ್ಡ ತಪ್ಪನ್ನು ಹೇಳಬೇಕು. ಠಾಣೆಯ ನೌಪಾಡಾದಲ್ಲಿ ಒಂದು ಹಳೇ ಮರಾಠಿ ವಾಚನಾಲಯ. ಅವರು ತಮ್ಮ ಕ್ಯಾಟಲಾಗನ್ನೂ ಹಳೇ ಪತ್ರಿಕೆಗಳನ್ನೂ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದ್ದರು. ಅದಕ್ಕೆ ಪ್ಲಗಿನ್ ಬರೆದು, ಟೆಸ್ಟ್ ಮಾಡಲು ಪುಟದ ಮೇಲೆ ಪುಟ ತೆರೆಯುವಂತೆ ಬಿಟ್ಟು ಊಟಕ್ಕೆ ಹೋದೆ. ನಡುವೆ ಸ್ವಲ್ಪ ನಿಲ್ಲು ಎಂದು ಅದಕ್ಕೆ ಹೇಳಲು ಮರೆತಿದ್ದೆ. ಮೊಸರನ್ನ ತಿಂದು ಬರುವಷ್ಟರಲ್ಲಿ ಆ ವಾಚನಾಲಯದ ಬಡ ಸರ್ವರ್ ಮಲಗಿಬಿಟ್ಟಿತ್ತು. ನಾನು ಮರುದಿನ ಖುದ್ದಾಗಿ ಹೋಗಿ ಕ್ಷಮೆ ಕೇಳಿದೆ. ಅಲ್ಲಿನ ಲೈಬ್ರೇರಿಯನ್ ಕರ್ಣಿಕ್ ಕಾಕಾ, ಬಿಳಿ ಅರ್ಧತೋಳಿನ ಶರ್ಟಿನ ಮನುಷ್ಯ, ನನ್ನನ್ನು ಕನ್ನಡಕದ ಮೇಲಿಂದ ನೋಡಿ ಮರಾಠಿಯಲ್ಲಿ ಹೇಳಿದರು: “ಮೇಡಮ್, ನಮ್ಮಲ್ಲಿ ಒಬ್ಬರು ಒಂದು ಸಲಕ್ಕೆ ಎರಡು ಪುಸ್ತಕ ಕೇಳಬಹುದು. ನೀವು ಹದಿನೈದು ನಿಮಿಷದಲ್ಲಿ ಕಪಾಟನ್ನೇ ಕೇಳಿದಿರಿ.” ಅಂದಿನಿಂದ ನಾನು ಬರೆದ ಎಲ್ಲ ಪ್ಲಗಿನ್ನುಗಳೂ ಒಂದು ಪುಟಕ್ಕೂ ಇನ್ನೊಂದಕ್ಕೂ ನಡುವೆ ಎರಡು ಸೆಕೆಂಡ್ ನಿಲ್ಲುತ್ತವೆ. ರಘು ಸರ್ ಅದನ್ನು ‘ವಿನೋದಾ ಮೇಡಮ್ ಬ್ರೇಕ್’ ಎಂದು ಕರೆಯುತ್ತಿದ್ದರು. ವಿನೋದಾ ನನ್ನ ಹೆಸರು.

ಹೆಸರುಗಳ ವಿಷಯವೂ ಹೀಗೇ. ಸಾಫ್ಟ್‌ವೇರಿನಲ್ಲಿ ಲೇಖಕರಿಗೆ ಎರಡು ಖಾನೆ: ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡನೆಯದು ಖಾಲಿ ಇದ್ದರೆ ಕೆಂಪು ದೀಪ. ಒಂದೇ ಹೆಸರಿನ ಎಷ್ಟು ಜನ ಲೇಖಕರಿದ್ದಾರೆ ನಮ್ಮಲ್ಲಿ! ಅವರಿಗೆಲ್ಲ ಅಪ್ಪನದೋ ಊರಿನದೋ ಹೆಸರು ಅಂಟಿಸಬೇಕೇ? ನಾನು ಹಟ ಹಿಡಿದು, ಒಂದೇ ಹೆಸರಿನವರಿಗೆ ಒಂದೇ ಖಾನೆ ಬರುವ ಹಾಗೆ ಮಾಡಿಸಿದೆ. ಮೂರು ತಿಂಗಳು ಜಗಳ ಆಡಿದ್ದೇನೆ ಅದಕ್ಕಾಗಿ. ಇನ್ನು ಇಬ್ಬರು ಮೂವರು ಸೇರಿ ಬರೆದಿದ್ದರೆ ಅವರ ಸರದಿ ತಪ್ಪಬಾರದು. ಮೊದಲ ಹೆಸರು ಯಾರದು ಎಂಬುದಕ್ಕೆ ಪ್ರೊಫೆಸರುಗಳು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ಲೈಬ್ರರಿಯಲ್ಲಿ ಕಣ್ಣಾರೆ ಕಂಡವಳು ನಾನು.

ಈಗ ಆ ದೊಡ್ಡ ಸಂಗತಿ. ನನ್ನ ಹನ್ನೆರಡು ವರ್ಷದಲ್ಲಿ ಒಂದು ಎಪಿಸೋಡನ್ನು ಮಾತ್ರ ಉಳಿಸಿಕೋ ಎಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಒಂದು ಗುರುವಾರ ಬೆಳಿಗ್ಗೆ ರಿಸೆಪ್ಷನ್ನಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಹೆಸರು ಅಶ್ವಿನಿ. ಟಿಟ್ವಾಳಾದಿಂದ ಬಂದಿದ್ದಳು, ಎರಡು ಗಾಡಿ ಬದಲಿಸಿ. ಬ್ಯಾಗಿನಿಂದ ಥೀಸಿಸ್ಸಿನ ದಪ್ಪ ಪ್ರತಿ ತೆಗೆದು ನನ್ನ ಟೇಬಲ್ ಮೇಲಿಟ್ಟಳು. ಊರು ಕೇಳಿದೆ. ತಂದೆ ತಾಯಿ ಧಾರವಾಡದ ಕಡೆಯವರು ಎಂದಳು. ಸರಿ, ಕನ್ನಡದಲ್ಲಿ ಹೇಳಮ್ಮ ಎಂದೆ. ಅವಳಿಗೆ ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತಿತ್ತು.

“ಮೇಡಮ್, ಎಕ್ಸಾಮಿನರ್ ಬೋಲ್ತೇ ಹೈ ಮೈನೇ ಸಬ್ ಬನಾಕೆ ಲಿಖಾ ಹೈ.”

ಎಲ್ಲವನ್ನೂ ಅವಳೇ ಕಟ್ಟಿ ಬರೆದಿದ್ದಾಳೆ ಎಂದು ಪರೀಕ್ಷಕರ ಆರೋಪ. ಅವರ ಪತ್ರದ ನಕಲನ್ನೂ ಕೊಟ್ಟಳು. ಅವಳ ಥೀಸಿಸ್ ಶಹಾಡಿನ ಕಾರ್ಖಾನೆಯ ಕಾಮಗಾರರು, ಅಂದರೆ ಕಾರ್ಮಿಕರು, ತಾವೇ ನಡೆಸುತ್ತಿದ್ದ ಓದುವ ಕೋಣೆಗಳ ಬಗ್ಗೆ. ಆ ಕಾಮಗಾರರು ಒಂದು ಮರಾಠಿ ಮಾಸಿಕವನ್ನೂ ತರುತ್ತಿದ್ದರು. ಅದರ ಹಳೇ ಸಂಚಿಕೆಗಳು ಸಿಗುವುದು ನೌಪಾಡಾದ ಅದೇ ವಾಚನಾಲಯದ ಸೈಟಿನಲ್ಲಿ, ಅವಳು ಉಲ್ಲೇಖಗಳನ್ನು ತೆಗೆದುಕೊಂಡದ್ದು ನನ್ನದೇ ಪ್ಲಗಿನ್ನಿನಿಂದ. ಪರೀಕ್ಷಕರು ಬರೆದಿದ್ದರು: ಅಭ್ಯರ್ಥಿ ಹೇಳುವ ಸಂಚಿಕೆಗಳ ವರ್ಷ ನೋಡಿದರೆ, ಆಗ ಆ ಕಾರ್ಖಾನೆಯೇ ಇರಲಿಲ್ಲ, ಅದರ ಹೊಗೆಕೊಳವೆ ಎದ್ದದ್ದು ಅರ್ಧ ಶತಮಾನದ ಮೇಲೆ, ಈ ಆಧಾರಗಳನ್ನು ಅಭ್ಯರ್ಥಿ ನೋಡಿಯೇ ಇಲ್ಲ ಅಥವಾ ಕಲ್ಪಿಸಿದ್ದಾರೆ. ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡಬೇಕು. ಇಲ್ಲವಾದರೆ ರಿಜಿಸ್ಟ್ರೇಷನ್ ರದ್ದು. ಆರು ವರ್ಷದ ಓದು ಅಷ್ಟಕ್ಕೇ ಮುಗಿಯಿತು.

“ಉಸ್ ರೀಡಿಂಗ್ ರೂಮ್ ಮೇ ಮೇರೇ ಅಪ್ಪಾ ಕಿತಾಬ್ ದೇತೇ ಥೇ, ಮೇಡಮ್. ಮೈ ಕ್ಯೂಂ ಬನಾಊಂ?”

ಆ ಓದುವ ಕೋಣೆಯಲ್ಲಿ ಪುಸ್ತಕ ಕೊಡುತ್ತಿದ್ದವರು ಅವಳ ಅಪ್ಪನೇ! ಅದನ್ನೇ ಅವಳು ಕಟ್ಟಿ ಬರೆದಳು ಎಂದರೆ ಅಪ್ಪನ ಸಂಜೆಗಳೆಲ್ಲ ಸುಳ್ಳು ಎಂದ ಹಾಗೆ. ಅಪ್ಪನಿಗೆ ಇನ್ನೂ ಹೇಳಿರಲಿಲ್ಲ.

ನಾನು ಪಟ್ಟಿ ನೋಡಿದೆ. 1891, 1891, 1892, 1893. ಸೈಟ್ ತೆರೆದೆ. ಸಂಚಿಕೆಯ ತಲೆಬರಹದಲ್ಲಿ ದೇವನಾಗರಿಯಲ್ಲಿ ಸ್ಪಷ್ಟವಾಗಿ ಇತ್ತು: ಮಾಘ, ಶಕೆ ೧೮೯೧.

ಶಕೆ. ಶಾಲಿವಾಹನ ಶಕೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಮೇಲೆ ಬರೆದಿರುವ, ಇಂಗ್ಲಿಷ್ ವರ್ಷಕ್ಕಿಂತ ಎಪ್ಪತ್ತೆಂಟು ಹಿಂದೆ ಓಡುವ ಆ ಲೆಕ್ಕ. ನನ್ನ ಪ್ಲಗಿನ್ನು ದೇವನಾಗರಿ ಅಂಕಿಯನ್ನು ಇಂಗ್ಲಿಷಿಗೆ ಬದಲಿಸುತ್ತಿತ್ತು, ಅದಕ್ಕೆ ನಾನು ಆಫೀಸಿನಲ್ಲಿ ಎಷ್ಟು ಜಂಬ ಪಟ್ಟಿದ್ದೆ! ಅಂಕಿಯಲ್ಲದ್ದನ್ನೆಲ್ಲ ಕಸ ಎಂದು ಬಿಸಾಡುವ ಒಂದು ಸಾಲೂ ಇತ್ತು. ಬೇರೆ ನೂರು ಸೈಟಿಗೆ ಸರಿಹೋದ ಸಾಲು, ಕಣ್ಣು ಮುಚ್ಚಿ ಇಲ್ಲಿಗೂ ಹಾಕಿದ್ದೆ. ಆ ಕಸದಲ್ಲಿ ‘ಶಕೆ’ ಎಂಬ ಪದವೂ ಹೋಗಿತ್ತು. ಪುಟ ಸರಿಯಾಗಿಯೇ ಹೇಳಿತ್ತು. ಅದರ ಬಾಯಿ ಮುಚ್ಚಿಸಿದವಳು ನಾನು.

ಅಶ್ವಿನಿ ತನ್ನ ಬರಹದೊಳಗೆ ವರ್ಷಗಳನ್ನು ಸರಿಯಾಗಿಯೇ ಬರೆದಿದ್ದಳು. ಸಾಲಿನ ಕೊನೆಗೆ ಆಧಾರ ತೋರಿಸಲು ಹಾಕುವ ಕಂಸದೊಳಗಿನ ವರ್ಷವನ್ನೂ ಕೊನೆಯ ಪಟ್ಟಿಯನ್ನೂ ಸಾಫ್ಟ್‌ವೇರ್ ತುಂಬಿತ್ತು. ಕಂಸದೊಳಗಿನದನ್ನು ಯಾರೂ ಓದುವುದಿಲ್ಲ, ಬರೆದವರೂ ಕೂಡ. ಪರೀಕ್ಷಕರು ಅದನ್ನೇ ಓದುತ್ತಾರೆ.

“ತಪ್ಪು ನಿನ್ನದಲ್ಲ, ನನ್ನದು” ಎಂದೆ. ಅವಳು ಅತ್ತುಬಿಟ್ಟಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ರಘು ಸರ್ ಕ್ಯಾಬಿನ್ನಿಗೆ ಹೋದೆ. ಅವರು ಒಳ್ಳೆಯ ಮನುಷ್ಯ, ಈಗಲೂ ಹಾಗೇ ಹೇಳುತ್ತೇನೆ. ಪೂರ್ತಿ ಕೇಳಿದರು, ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡರು.

“ಫಿಕ್ಸ್ ಮಾಡಿ ಮೇಡಮ್, ಸೋಮವಾರ ಅಪ್‌ಡೇಟ್ ಬಿಡೋಣ. ಆ ಹುಡುಗಿ ಲಿಸ್ಟ್ ತಿದ್ಕೊಂಡು ಕೊಡ್ಲಿ.”

“ಅವಳಾಗಿ ತಿದ್ದಿ ಕೊಟ್ಟರೆ, ಸಿಕ್ಕಿಬಿದ್ದ ಮೇಲೆ ತಿದ್ದಿದಳು ಅಂತಾರೆ ಸರ್. ನಾವು ಬರೆದುಕೊಡಬೇಕು, ತಪ್ಪು ಸಾಫ್ಟ್‌ವೇರಿನದು ಅಂತ.”

“ಕಂಪನಿ ಲೆಟರ್‌ಹೆಡ್ ಮೇಲಾ?” ಅವರು ನಕ್ಕರು, ಖುಷಿಯಿಂದಲ್ಲ. “ಒಂದ್ ಸಲ ಬರ್ದ್ ಕೊಟ್ರೆ ಮುಗೀತು. ನಾಳೆ ಎಲ್ಲಾ ಕಾಲೇಜೂ ಕೇಳತ್ತೆ, ನಮ್ ಥೀಸಿಸ್‌ಗಳಲ್ಲಿ ಏನೇನ್ ಹಾಳ್ ಮಾಡಿದೀರಿ ಅಂತ. ಹದಿನಾಲ್ಕ್ ಜನ ಇದೀವಿ ಇಲ್ಲಿ. ನೀವೊಬ್ರೇ ಅಲ್ಲ.”

ಅದೂ ಸುಳ್ಳಲ್ಲ. ನಾನು ಹೊರಗೆ ಬಂದೆ.

ಭಾನುವಾರ ಬೆಳಿಗ್ಗೆ ಡೈನಿಂಗ್ ಟೇಬಲ್ ಮೇಲೆ ಅಶ್ವಿನಿಯ ಪಟ್ಟಿ ಹರಡಿಕೊಂಡು ಕೂತೆ. ಒಟ್ಟು ಮೂವತ್ತೊಂದು ಸಂಚಿಕೆ. ಪ್ರತಿ ವರ್ಷಕ್ಕೂ ಎಪ್ಪತ್ತೆಂಟು ಕೂಡಿಸಿ ಪಕ್ಕದಲ್ಲಿ ಸರಿಯಾದ ವರ್ಷ ಬರೆದೆ. ಕೆಲಸ ಮುಗಿಯಿತು ಎಂಬ ಸಮಾಧಾನದಲ್ಲಿ ಪತ್ರ ಬರೆಯಲು ಹಾಳೆ ತೆಗೆದೆ. ಎದುರಿಗೆ ಅತ್ತೆ ಬಾಲ್ಕನಿಯ ಕುಂಡದಲ್ಲಿ ಬೆಳೆದ ಬಸಳೆ ಕೊಯ್ದು ತಂದು ದಂಟು ಬೇರೆ, ಎಲೆ ಬೇರೆ ಮಾಡುತ್ತಿದ್ದರು. ಆಗ ಅವರಿಗೆ ಎಂಬತ್ತು. ನಾಲ್ಕನೇ ಕ್ಲಾಸ್ ಓದಿದವರು. ನಮ್ಮ ಮನೆಮಾತು ತುಳು, ಆದರೆ ಬುದ್ಧಿ ಹೇಳುವಾಗ ಮಾತ್ರ ಅವರಿಗೆ ಕನ್ನಡವೇ ಬರುತ್ತಿತ್ತು.

“ಎಂತ ಲೆಕ್ಕ ಅದು ಬೆಳಿಗ್ಗೆಯಿಂದ?”

ಹೇಳಿದೆ. ಪಟ್ಟಿಯಿಂದ ಒಂದೆರಡು ಓದಿಯೂ ತೋರಿಸಿದೆ. ಅವರು ಎಲೆಯಿಂದ ಕಣ್ಣು ತೆಗೆಯದೆ ಕೇಳಿದರು:

“ಮಾಘಕ್ಕೂ ಎಪ್ಪತ್ತೆಂಟೇ ಹಾಕಿದ್ದಿಯಾ?”

“ಎಲ್ಲದಕ್ಕೂ ಎಪ್ಪತ್ತೆಂಟೇ, ಅತ್ತೆ. ಇಟ್ ಈಸ್ ಅ ಫಿಕ್ಸ್‌ಡ್ ಡಿಫರೆನ್ಸ್.”

“ನಿನ್ನ ಇಂಗ್ಲಿಷು ಆಮೇಲೆ. ಮಾಘ ಬರುವಾಗ ಜನವರಿ ಆಗಿರ್ತದಲ್ಲ ಮಾರಾಯ್ತಿ? ಗೋಡೆಯಲ್ಲಿ ಹೊಸ ಕ್ಯಾಲೆಂಡರ್ ತೂಗುಹಾಕುವುದು ನೀನೇ. ಈ ಮರಾಠಿಯವರ ವರ್ಷ ಬದಲಾಗುವುದು ಪಾಡ್ವಾಕ್ಕೆ, ಅವರ ಯುಗಾದಿಗೆ; ನಮ್ಮ ತುಳುವರದ್ದು ಬಿಸುವಿಗೆ. ಎರಡೂ ಬರುವುದು ಚಳಿ ಹೋದ ಮೇಲೆ. ಜನವರಿಯಿಂದ ಪಾಡ್ವಾದವರೆಗೆ ನಿಮ್ಮದು ಹೊಸ ವರ್ಷ, ಇವರದ್ದು ಇನ್ನೂ ಹಳತೇ. ಹಾಗಾದರೆ ಒಂದು ಜಾಸ್ತಿ ಹಾಕಬೇಡವಾ?”

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮೂವತ್ತು ವರ್ಷದಿಂದ ಅದೇ ಮೊಳೆಗೆ ನಾನೇ ತೂಗುಹಾಕಿದ್ದು. ಜನವರಿಯ ಪುಟದಲ್ಲೂ ಫೆಬ್ರವರಿಯ ಪುಟದಲ್ಲೂ ಹಳೇ ಶಕೆಯೇ ಇರುತ್ತಿತ್ತು, ಕಣ್ಣಿಗೆ ಬಿದ್ದೇ ಇತ್ತು, ನೋಡಿರಲಿಲ್ಲ. ನನ್ನ ವರ್ಷ ಕಾನ್ವೆಂಟಿನದು, ಒಂದೇ ಬಾಗಿಲು, ಜನವರಿ ಒಂದು. ಅತ್ತೆಯ ವರ್ಷಕ್ಕೆ ಎರಡು ಮೂರು ಬಾಗಿಲು, ಅವರು ಎಲ್ಲದರಿಂದಲೂ ಓಡಾಡಿದವರು.

ಆ ಮೂವತ್ತೊಂದರಲ್ಲಿ ಒಂಬತ್ತು ಸಂಚಿಕೆ ಮಾಘ, ಫಾಲ್ಗುಣದವು. ಹಾಗೇ ಕಳಿಸಿದ್ದರೆ ತಿದ್ದಿದ ಪಟ್ಟಿಯೂ ತಪ್ಪಾಗುತ್ತಿತ್ತು. ಎರಡನೇ ಸಲ ತಪ್ಪಿದವಳ ಮಾತನ್ನು ಆ ಪರೀಕ್ಷಕರು ಯಾಕೆ ನಂಬಬೇಕು? ಅಶ್ವಿನಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಮುಗಿಸಿದವಳು ಮತ್ತೆ ನಾನೇ ಆಗುತ್ತಿದ್ದೆ.

“ಪೌಷಕ್ಕೆ ಎಷ್ಟು ಹಾಕುವುದು ಅತ್ತೆ?” ಎಂದು ಕೇಳಿದೆ. ಮದುವೆಯಾಗಿ ಬಂದ ಮೇಲೆ ಅವರನ್ನು ನಾನು ನಿಜವಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು.

“ಪೌಷ ಅರ್ಧ ಡಿಸೆಂಬರು, ಅರ್ಧ ಜನವರಿ. ಅದನ್ನು ಕೂತಲ್ಲಿಂದ ಹೇಳ್ಲಿಕ್ಕೆ ಆಗುದಿಲ್ಲ. ಹೋಗಿ ಪುಸ್ತಕ ನೋಡು. ಕಂಪ್ಯೂಟರಿನಲ್ಲಿ ಅಲ್ಲ, ಪುಸ್ತಕ.”

ಸೋಮವಾರ ರಜೆ ಹಾಕಿ ನೌಪಾಡಾಕ್ಕೆ ಹೋದೆ. ಅಶ್ವಿನಿಯನ್ನೂ ಕರೆದಿದ್ದೆ. ಕರ್ಣಿಕ್ ಕಾಕಾ ನನ್ನನ್ನು ಬಾಗಿಲಲ್ಲೇ ಗುರುತು ಹಿಡಿದು, “ಥಾಂಬಾ, ಮೇಡಮ್, ದೋನ್ ಸೆಕಂದ ಥಾಂಬಾ!” ಎಂದು ಕೈ ಅಡ್ಡ ಹಿಡಿದರು. ನನ್ನ ಬ್ರೇಕಿನ ವಿಷಯ ಹಿಂದೆ ನಾನೇ ಅವರಿಗೆ ಹೇಳಿದ್ದೆ, ಈಗ ನಾನೂ ಎರಡು ಸೆಕೆಂಡ್ ನಿಲ್ಲಬೇಕಂತೆ. ಅಶ್ವಿನಿ ಆ ವಾರದಲ್ಲಿ ಮೊದಲ ಸಲ ನಕ್ಕಳು. ಕಾಕಾ ಮೂಲ ಸಂಚಿಕೆಗಳನ್ನೆಲ್ಲ ಹೊರಗೆ ತಂದರು. ವಾಚನಾಲಯಕ್ಕೆ ಪತ್ರಿಕೆ ಬಂದ ದಿನವೇ ಅದರ ಮೊದಲ ಪುಟಕ್ಕೆ ಇಂಗ್ಲಿಷ್ ತಾರೀಖಿನ ರಬ್ಬರ್ ಸ್ಟ್ಯಾಂಪ್ ಹೊಡೆಯುವ ಪದ್ಧತಿ ಅಲ್ಲಿ. ನೇರಳೆ ಶಾಯಿ, ಮಾಸಿದ್ದರೂ ಓದಲು ಬರುತ್ತಿತ್ತು. ಚೈತ್ರದ ಸಂಚಿಕೆಗೆ ಎಪ್ಪತ್ತೆಂಟು. ಮಾಘದ ಸಂಚಿಕೆಗೆ ಎಪ್ಪತ್ತೊಂಬತ್ತು. ಪ್ರತಿ ಒಂದೂ ಅತ್ತೆ ಹೇಳಿದ ಹಾಗೇ. ಪೌಷದವು ಮೂರು: ಎರಡು ಡಿಸೆಂಬರಿನಲ್ಲಿ ಬಂದದ್ದು, ಒಂದು ಜನವರಿಯಲ್ಲಿ. ನಾನು ಓದಿದೆ, ಅಶ್ವಿನಿ ಬರೆದಳು, ಕಾಕಾ ಪ್ರತಿ ಹಾಳೆಗೂ ವಾಚನಾಲಯದ ಮುದ್ರೆ ಒತ್ತಿ ಸಹಿ ಮಾಡಿದರು.

ಪತ್ರವನ್ನು ಮನೆಯ ಬಿಳಿ ಹಾಳೆಯಲ್ಲಿ ನನ್ನ ಕೈಯಾರೆ ಬರೆದೆ. ಮೊದಲು ‘ಪ್ರೋಗ್ರಾಮಿನಲ್ಲಿ ಒಂದು ದೋಷ ಉಂಟಾಗಿ’ ಎಂದು ಶುರುಮಾಡಿದ್ದೆ. ಸಿಸ್ಟರ್ ಫಿಲೋಮಿನಾ ಹೆಗಲ ಮೇಲಿಂದ ನೋಡಿದ ಹಾಗಾಯಿತು. ಹರಿದು ಮತ್ತೆ ಬರೆದೆ: ಈ ಪ್ಲಗಿನ್ ಬರೆದವಳು ನಾನು; ಸಂಚಿಕೆಯ ಮೇಲೆ ಶಕೆ ಎಂದು ಸ್ಪಷ್ಟವಾಗಿ ಇದ್ದುದನ್ನು ಬಿಟ್ಟವಳು ನಾನು; ಅಭ್ಯರ್ಥಿ ಪ್ರತಿ ಸಂಚಿಕೆಯನ್ನೂ ನೋಡಿದ್ದಾಳೆ, ಅವಳ ಬರಹದೊಳಗಿನ ವರ್ಷಗಳೇ ಅದಕ್ಕೆ ಸಾಕ್ಷಿ. ಕೆಳಗೆ ನನ್ನ ಹೆಸರು, ಡೊಂಬಿವಲಿಯ ಮನೆ ವಿಳಾಸ.

ಮಂಗಳವಾರ ಅದನ್ನು ರಘು ಸರ್ ಮೇಜಿನ ಮೇಲಿಟ್ಟೆ. ಕದ್ದು ಕಳಿಸುವ ಅಭ್ಯಾಸ ನನಗಿಲ್ಲ. ಅವರು ಎರಡು ಸಲ ಓದಿದರು.

“ಅಡ್ರೆಸ್ ಮನೇದು ಹಾಕಿದೀರಾ.”

“ಲೆಟರ್‌ಹೆಡ್ ಬೇಡ ಅಂದಿರಲ್ಲ ಸರ್. ತಪ್ಪಿಗೆ ನನ್ನ ವಿಳಾಸ ಸಾಕು.”

ಅವರು ಅದನ್ನು ಮಗುಚಿಟ್ಟು ಕಂಪ್ಯೂಟರಿನ ಕಡೆ ತಿರುಗಿದರು. ಪತ್ರ ಅವರ ಬಳಿಯೇ ಉಳಿಯಿತು. ನನ್ನ ಕೆಲಸ ಹೋಯಿತು ಎಂದೇ ತಿಳಿದು ಡ್ರಾಯರಿನಿಂದ ನನ್ನ ಚಮಚ, ಉಪ್ಪಿನಕಾಯಿ ಬಾಟಲಿ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಊಟದ ಹೊತ್ತಿಗೆ ಅವರೇ ನನ್ನ ಟೇಬಲ್ಲಿಗೆ ಬಂದರು. ಕೈಯಲ್ಲಿ ಕಂಪನಿಯ ಲೆಟರ್‌ಹೆಡ್. ಅದೇ ಪತ್ರ, ಅಕ್ಷರ ಬದಲಿಸದೆ ಟೈಪ್ ಮಾಡಿದ್ದು. ನನ್ನ ಹೆಸರಿನ ಕೆಳಗೆ ಅವರ ಸಹಿಯೂ ಇತ್ತು.

“ಟೆಸ್ಟ್ ಮಾಡಿ ಪಾಸ್ ಅಂದಿದ್ದು ಯಾರು ಮೇಡಮ್? ನಾನೇ ಅಲ್ವಾ? ಆ ಉಪ್ಪಿನಕಾಯಿ ವಾಪಸ್ ಇಡಿ, ಊಟಕ್ಕೆ ಬೇಕು.”

ಹೊಸಬರೇ, ಮೇಲಧಿಕಾರಿ ಅಂದರೆ ಹೇಗಿರಬೇಕು ಎಂದು ನನ್ನನ್ನು ಕೇಳಿದರೆ ನಾನು ಆ ಮಧ್ಯಾಹ್ನವನ್ನು ತೋರಿಸುತ್ತೇನೆ. ಆಮೇಲೆ ಆ ಪ್ಲಗಿನ್ ಬಳಸಿದ್ದ ಎಲ್ಲ ಕಾಲೇಜುಗಳಿಗೂ ನಾವೇ ಬರೆದು ತಿಳಿಸಿದೆವು. ಒಂದು ಕಾಲೇಜು ಕೋಪಿಸಿಕೊಂಡು ನಮ್ಮನ್ನು ಬಿಟ್ಟಿತು. ಉಳಿದವು ಬಿಡಲಿಲ್ಲ.

ಅಶ್ವಿನಿಯ ಸಮಜಾಯಿಷಿಯನ್ನು ವಿಶ್ವವಿದ್ಯಾಲಯ ಒಪ್ಪಿತು. ಮೌಖಿಕ ಪರೀಕ್ಷೆಯ ದಿನ ಅದೇ ಪರೀಕ್ಷಕರು ತಿದ್ದಿದ ಪಟ್ಟಿಯನ್ನು ಬೆರಳಿಟ್ಟು ಓದಿದರಂತೆ. ಒಂದು ಮಾಘದ ಸಂಚಿಕೆಯ ಮೇಲೆ ನಿಲ್ಲಿಸಿ, “ಇದಕ್ಕೆ ಮಾತ್ರ ಯಾಕೆ ಎಪ್ಪತ್ತೊಂಬತ್ತು?” ಎಂದು ಕೇಳಿದರಂತೆ. ಅವಳು ಪಾಡ್ವಾ, ಜನವರಿ ಎಂದು ವಿವರಿಸಿದಾಗ ಅವರು ಪೆನ್ನಿನ ಮುಚ್ಚಳ ಹಾಕಿದರಂತೆ. ಅಷ್ಟೇ. ಅದಾದ ಮೇಲೆ ಕೇಳಿದ್ದೆಲ್ಲ ಕಾಮಗಾರರ ಬಗ್ಗೆ.

ಮರು ಭಾನುವಾರ ಅವಳು ತಂದೆಯನ್ನು ಕರೆದುಕೊಂಡು ಪೇಡೆ ಡಬ್ಬಿಯ ಜೊತೆ ನಮ್ಮ ಮನೆಗೆ ಬಂದಳು. ತಂದೆ ತೆಳ್ಳಗಿನ ಮನುಷ್ಯ, ಸೋಫಾದ ತುದಿಯಲ್ಲೇ ಕೂತರು. ಅತ್ತೆಗೆ ಕೈಮುಗಿದು, “ಅಮ್ಮಾರ, ನಿಮ್ಮ ಸೊಸ್ಯಾರು ನಮ್ಮ ಹುಡುಗಿ ಮಾನ ಉಳಿಸಿದ್ರು ನೋಡ್ರಿ” ಎಂದರು.

“ಕಳೆದದ್ದೂ ಅವಳೇ ಅಲ್ವಾ?” ಎಂದು ಅತ್ತೆ ಪೇಡೆ ಬಾಯಿಗೆ ಹಾಕಿಕೊಂಡರು. ಎಲ್ಲರೂ ನಕ್ಕರು. ಅತ್ತೆ ಚಹಾ ಮಾಡಲು ಒಳಗೆ ಹೋದರು.

ಆ ಎಪ್ಪತ್ತೊಂಬತ್ತನ್ನು ಹೇಳಿದವರು ಅವರೇ ಎಂದು ನಾನು ಆಗ ಹೇಳಬಹುದಿತ್ತು. ಹೇಳಲಿಲ್ಲ. ಹೊಗಳಿಕೆ ಕೇಳುತ್ತ ಕೂತಿದ್ದೆ. ರಘು ಸರಿಗೂ ಹೇಳಲಿಲ್ಲ. ಪತ್ರದಲ್ಲಿ ನನ್ನ ಹೆಸರು, ರಘು ಸರ್ ಹೆಸರು, ಹಾಳೆಗಳಲ್ಲಿ ಕರ್ಣಿಕ್ ಕಾಕಾ ಸಹಿ, ಥೀಸಿಸ್ಸಿನಲ್ಲಿ ಅಶ್ವಿನಿಯ ಹೆಸರು. ಬಸಳೆ ಕೊಯ್ಯುತ್ತ ಕೂತವರ ಹೆಸರು ಯಾವ ಖಾನೆಯಲ್ಲೂ ಇರಲಿಲ್ಲ. ಪ್ಲಗಿನ್ ತಿದ್ದುವಾಗ ಮಾತ್ರ, ಮುಂದೆ ಬರುವವರಿಗೆ ಗೊತ್ತಿರಲಿ ಎಂದು, ಆ ಲೆಕ್ಕದ ಮೇಲೆ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿಯ ಸಾಲು ಬರೆದಿಟ್ಟೆ: ಮಾಘ, ಫಾಲ್ಗುಣಕ್ಕೆ ಎಪ್ಪತ್ತೊಂಬತ್ತು, ಪೌಷಕ್ಕೆ ಪುಸ್ತಕ ನೋಡಿ, ಸಂಶಯ ಬಂದರೆ ಅತ್ತೆಯನ್ನು ಕೇಳಿ.

ಅತ್ತೆ ಹೋಗಿ ಈಗ ಏಳು ವರ್ಷ. ಬಸಳೆಯ ಕುಂಡ ಇದೆ, ಕ್ಯಾಲೆಂಡರಿನ ಮೊಳೆ ಇದೆ.

ಈಗ ಕೆಲಸದ ರೀತಿಯೇ ಬೇರೆಯಂತೆ. ಒಂದೊಂದು ಸೈಟಿಗೆ ಒಂದೊಂದು ಪ್ಲಗಿನ್ ಬೇಡ, ಯಂತ್ರವೇ ಪುಟ ಓದಿ ಹೆಸರು, ವರ್ಷ ಕಂಡುಹಿಡಿಯುತ್ತದಂತೆ. ನನಗೆ ಹೊಟ್ಟೆಕಿಚ್ಚಿಲ್ಲ. ಬೆರಳಿನ ಗಂಟು ಇನ್ನೊಬ್ಬರಿಗೆ ಬರಬೇಕಾಗಿಲ್ಲ. ಆದರೆ ಸಿಂಚನಾ ಮೊನ್ನೆ ಫೋನ್ ಮಾಡಿ ಕೇಳಿದ್ದು ಇದು:

“ಮೇಡಮ್, ಹಳೇ ಪ್ಲಗಿನ್‌ಗಳ್ನ ಹೊಸ ಸಿಸ್ಟಮ್‌ಗೆ ಮೂವ್ ಮಾಡ್ತಿದೀವಿ. ಒಂದ್ರಲ್ಲಿ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ ‘ಆಸ್ಕ್ ಅತ್ತೆ’ ಅಂತಿದೆ. ಅದು ಯಾವ್ದಾದ್ರೂ ಸಾಫ್ಟ್‌ವೇರ್ ಹೆಸ್ರಾ? ಎಷ್ಟ್ ಹುಡುಕಿದ್ರೂ ಸಿಗ್ತಿಲ್ಲ. ತೆಗೆದುಬಿಡಿ ಅಂತ ಸಿಸ್ಟಮ್ ಹೇಳ್ತಿದೆ. ತೆಗೀಲಾ?”

“ತೆಗೆಯುವ ಮೊದಲು ಒಂದು ಮಾಘದ ಸಂಚಿಕೆ ನಿಮ್ಮ ಹೊಸ ಸಿಸ್ಟಮ್ಮಿಗೆ ಕೊಟ್ಟು ನೋಡು” ಎಂದೆ. “ಆಮೇಲೆ ಫೋನ್ ಮಾಡು.”

ಅರ್ಧ ಗಂಟೆಯಲ್ಲಿ ಮತ್ತೆ ಫೋನ್ ಬಂತು. “ಒಂದ್ ವರ್ಷ ಕಡಿಮೆ ಹೇಳ್ತು ಮೇಡಮ್! ನಿಮ್ ಹಳೇದು ಸರಿಯಾಗಿ ಹೇಳ್ತು. ಯಾರ್ ಮೇಡಮ್ ಈ ಅತ್ತೆ?”

ಹೇಳಿದೆ. ಬಸಳೆಯಿಂದ ಹಿಡಿದು ಪೇಡೆಯವರೆಗೆ, ಹೇಳದೆ ಬಿಟ್ಟಿದ್ದನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು ಹೇಳಿದಳು: “ಫೈಲ್ ಮೇಲ್ಗಡೆ ಆಥರ್ ಅಂತ ನಿಮ್ ಹೆಸ್ರು ಒಂದೇ ಇದೆ ಮೇಡಮ್. ಅವರ್ದೂ ಹಾಕೋಣ. ಹೆಸ್ರೇನು?”

“ಜಲಜಾಕ್ಷಿ.”

“ಲಾಸ್ಟ್ ನೇಮ್?”

“ಬೇಡ. ಒಂದೇ ಹೆಸರಿನವರಿಗೆ ಬೇರೆ ಖಾನೆ ಉಂಟು. ನಾನೇ ಜಗಳ ಆಡಿ ಮಾಡಿಸಿದ್ದು.”

ಫೋನಿನಲ್ಲಿ ಕೀಬೋರ್ಡಿನ ಸದ್ದು ಕೇಳಿಸಿತು. “ಬಂತು ಮೇಡಮ್, ಕೆಂಪು ತೋರಿಸ್ಲಿಲ್ಲ. ನಿಮ್ ಹೆಸ್ರಿಗಿಂತ ಮೊದ್ಲು ಹಾಕ್ಲಾ, ಆಮೇಲಾ?”

“ಮೊದಲು” ಎಂದೆ.